ಮೊದಲ ವಾರದ ತೀರ್ಪು

ಹೊಸ ಚಿತ್ರವೊಂದು ಊರಿಗೆ ಬಂದಿತೆಂದರೆ ಅದರ ಹಣೆಬರಹ ಗೊತ್ತಾಗಲು ಒಂದು ವಾರ ಸಾಕೆಂಬ ನಂಬಿಕೆ ಚಿತ್ರೋದ್ಯಮದಷ್ಟೇ ಹಳೆಯದು. ಶುಕ್ರವಾರ ಬಿಡುಗಡೆ, ಶನಿವಾರ ಭಾನುವಾರ ನೂಕುನುಗ್ಗಲು, ಅಷ್ಟರೊಳಗೆ ಪತ್ರಿಕೆಗಳಲ್ಲಿ ಅಭಿಪ್ರಾಯ. ಮುಂದಿನ ಶುಕ್ರವಾರದ ಹೊತ್ತಿಗೆ ಆ ಚಿತ್ರ ಇನ್ನೊಂದು ವಾರ ನಿಲ್ಲುವುದೋ, ಜಾಗ ಖಾಲಿ ಮಾಡುವುದೋ ಇತ್ಯರ್ಥವಾಗಿಬಿಡುತ್ತದೆ. ಒಂದು ಗುಂಟೆ ಜಮೀನಿನ ವ್ಯಾಜ್ಯ ಮೂರು ತಲೆಮಾರು ನಡೆಯುವ ನಮ್ಮ ದೇಶದಲ್ಲಿ, ನೂರಾರು ಮಂದಿ ವರ್ಷಗಟ್ಟಲೆ ದುಡಿದು ಮಾಡಿದ ಕೃತಿಯೊಂದರ ಮೇಲೆ ಏಳೇ ದಿನಗಳಲ್ಲಿ ತೀರ್ಪು ಹೊರಬೀಳುವುದು ಸೋಜಿಗವೇ ಸರಿ. ಈ ತೀರ್ಪು ಕೊಡುವವರಲ್ಲಿ ಪತ್ರಿಕೆಯ ವಿಮರ್ಶಕನಿದ್ದಾನೆ, ಹಂಚಿಕೆದಾರನಿದ್ದಾನೆ, ಟಿಕೆಟ್ಟು ಕೊಂಡ ಪ್ರೇಕ್ಷಕನಿದ್ದಾನೆ. ಚಿತ್ರವನ್ನು ಇನ್ನೂ ನೋಡದೆ, ಬಾನುಲಿಯಲ್ಲಿ ಅದರ ಹಾಡು ಕೇಳಿಯೇ ಒಂದು ಅಭಿಪ್ರಾಯ ಕಟ್ಟಿಕೊಂಡ ಮನೆಮಂದಿಯೂ ಇದ್ದಾರೆ.

ಈ ತೀರ್ಪುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇರುತ್ತವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ನೀರಸವಾದ ಚಿತ್ರವನ್ನು ನೀರಸವೆಂದು ಹೇಳಲು ಯಾರೂ ಐವತ್ತು ವರ್ಷ ಕಾಯಬೇಕಾಗಿಲ್ಲ. ಆದರೆ ಚಲಚ್ಚಿತ್ರದ ಚರಿತ್ರೆಯನ್ನು ತಿರುವಿ ನೋಡಿದಾಗ, ಬಲ್ಲವರೂ ಪ್ರಾಮಾಣಿಕರೂ ಆದವರೇ ಎಡವಿದ ಕೆಲವು ಪ್ರಸಂಗಗಳು ಎದುರಾಗುತ್ತವೆ. ಅವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ, ಹಲವರು ಎಡವಿದ್ದು ಒಂದೇ ಕಲ್ಲನ್ನು ಎಂಬುದು ಕಂಡುಬರುತ್ತದೆ. ರಾಗಿಯನ್ನು ಸೇರಿನಿಂದ ಅಳೆಯುತ್ತೇವೆ, ಬಟ್ಟೆಯನ್ನು ಗಜದಿಂದ ಅಳೆಯುತ್ತೇವೆ. ಗಜ ಹಿಡಿದು ರಾಗಿಯ ಮುಂದೆ ಕುಳಿತವನಿಗೆ ರಾಗಿ ದಂಡವೆಂದೇ ತೋರುವುದು. ಒಂದು ಬಗೆಯ ಚಿತ್ರವನ್ನು ಇನ್ನೊಂದು ಬಗೆಯ ಅಳತೆಯಿಂದ ಅಳೆದಾಗಲೆಲ್ಲ ಇಂಥ ಅನ್ಯಾಯ ನಡೆದಿದೆ. ಅದರಿಂದ ನಷ್ಟಕ್ಕೆ ಗುರಿಯಾದವರು ನಿಜವಾದ ಮನುಷ್ಯರು.

ಚಲಿಸುವ ಚಿತ್ರಗಳನ್ನು ಕುರಿತು ಬರೆದ ಹೆಸರಾಂತ ಮೊದಮೊದಲ ಅಭಿಪ್ರಾಯಗಳಲ್ಲಿ ರಷ್ಯದ ಸಾಹಿತಿ ಮ್ಯಾಕ್ಸಿಂ ಗೋರ್ಕಿಯವರದು ಒಂದು. ಫ್ರಾನ್ಸಿನ ಲೂಮಿಯೇರ್ ಸೋದರರು ೧೮೯೫ರ ಡಿಸೆಂಬರ್ ೨೮ರಂದು ಪ್ಯಾರಿಸ್ಸಿನಲ್ಲಿ ಸಾರ್ವಜನಿಕರಿಂದ ಹಣ ಪಡೆದು ತಮ್ಮ ಚಿತ್ರಗಳನ್ನು ತೋರಿಸಿದರು. ಮರುವರ್ಷ ನೀಜ್ನಿ ನೋವ್ಗೊರೊಡ್ ನಗರದ ವಸ್ತುಪ್ರದರ್ಶನದಲ್ಲಿ ಅವನ್ನು ಕಂಡ ಗೋರ್ಕಿಯವರು ಊರಿನ ಪತ್ರಿಕೆಗೆ ಲೇಖನ ಬರೆದರು. ತಾವು ನೆರಳುಗಳ ರಾಜ್ಯಕ್ಕೆ ಹೋಗಿ ಬಂದುದಾಗಿ ಅವರು ಹೇಳಿಕೊಂಡರು. ಅಲ್ಲಿ ಬಣ್ಣವಿಲ್ಲ, ಸದ್ದಿಲ್ಲ. ರೈಲು ಮೈಮೇಲೆ ಬಂದಂತೆ ಬರುತ್ತದೆ, ಆದರೆ ಗಾಲಿಯ ಶಬ್ದವಿಲ್ಲ. ಇಸ್ಪೀಟಾಡುವವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ, ನಗು ಮಾತ್ರ ಕೇಳಿಸುವುದಿಲ್ಲ. ಗೋರ್ಕಿಯವರ ಕೈಯಲ್ಲಿ ಆಗ ಯಾವ ಅಳತೆಗೋಲೂ ಇರಲಿಲ್ಲ. ಹೋಲಿಸಿ ನೋಡಲು ಹಿಂದಿನ ಚಿತ್ರಗಳೇ ಇಲ್ಲದ ಕಾಲ ಅದು. ಆದುದರಿಂದ ಅವರು ಕಂಡದ್ದನ್ನೂ ಕಂಡಾಗ ತಮಗಾದದ್ದನ್ನೂ ನೇರವಾಗಿ ಬರೆದರು. ಆ ಲೇಖನವನ್ನು ಇಂದು ಓದಿದರೂ ಅಂದಿನ ಕತ್ತಲೆ ಕೋಣೆಯಲ್ಲಿ ಕುಳಿತಂತಾಗುತ್ತದೆ. ಅದೇ ೧೮೯೬ರ ಜುಲೈ ೭ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಚಿತ್ರಗಳ ಪ್ರದರ್ಶನ ನಡೆದು, ನಮ್ಮ ದೇಶಕ್ಕೂ ಈ ನೆರಳಿನ ವಿದ್ಯೆ ಕಾಲಿಟ್ಟಿತು.

ಬರಬರುತ್ತ ಚಿತ್ರಗಳಲ್ಲಿ ಬಗೆಗಳು ಹುಟ್ಟಿದವು: ಪೌರಾಣಿಕ, ಐತಿಹಾಸಿಕ, ಸಾಮಾಜಿಕ, ಹಾಸ್ಯ, ಪತ್ತೇದಾರಿ, ಭಯಾನಕ, ಸಾಹಸ ಇತ್ಯಾದಿ. ಬಗೆ ಬೇರೆಯಾದಂತೆ ಪ್ರೇಕ್ಷಕನ ನಿರೀಕ್ಷೆಯೂ ಬೇರೆಯಾಯಿತು. ಯಾವುದಕ್ಕೆ ಯಾವುದು ತಕ್ಕದ್ದು ಎಂಬ ವಿಚಾರವನ್ನು ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿಯೇ ‘ಔಚಿತ್ಯ’ ಎಂಬ ಹೆಸರಿನಿಂದ ಚರ್ಚಿಸಿದ್ದಾನೆ. ಕೊರಳಿಗೆ ಡಾಬು, ಸೊಂಟಕ್ಕೆ ಹಾರ ಹಾಕಿಕೊಂಡರೆ ನಗೆಪಾಟಲಾಗದೆ ಇರದು. ಆದರೆ ಔಚಿತ್ಯವನ್ನು ಬಲ್ಲ ಪ್ರೇಕ್ಷಕನಿಗೂ ಒಂದು ತೊಡಕುಂಟು. ಹಳೆಯ ಬಗೆಗಳ ಔಚಿತ್ಯ ಅವನಿಗೆ ಗೊತ್ತು. ಎರಡು ಬಗೆಗಳನ್ನು ಬೆರೆಸಿಯೋ ಮೀರಿಯೋ ಹುಟ್ಟಿದ ಹೊಸ ಬಗೆಯ ಔಚಿತ್ಯ ಏನೆಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಪ್ಯಾರಿಸ್ಸಿನದು. ೧೯೩೯ರ ಜುಲೈ ತಿಂಗಳಲ್ಲಿ ಝಾನ್ ರೆನ್ವಾರ್ ಅವರ ‘ಆಟದ ನಿಯಮ’ ಎಂಬ ಚಿತ್ರ ಅಲ್ಲಿ ತೆರೆಕಂಡಿತು. ರೆನ್ವಾರ್ ಹೆಸರಾಂತ ಚಿತ್ರಕಾರರ ಮಗ. ಎರಡು ವರ್ಷ ಮುಂಚೆ ಅವರ ಯುದ್ಧಕೈದಿಗಳ ಕಥೆ ‘ಮಹಾಭ್ರಮೆ’ ಜನಮನ್ನಣೆ ಗಳಿಸಿತ್ತು. ಹೊಸ ಚಿತ್ರದಲ್ಲಿ ಶ್ರೀಮಂತರ ಗುಂಪೊಂದು ಹಳ್ಳಿಯ ಬಂಗಲೆಯಲ್ಲಿ ಬೇಟೆಗೆಂದು ಸೇರುತ್ತದೆ. ಒಡೆಯರ ಪ್ರಣಯದಾಟ ಮೇಲಂತಸ್ತಿನಲ್ಲಿ, ಆಳುಗಳದು ಕೆಳಗೆ. ಓಡಾಟ, ಬಚ್ಚಿಟ್ಟುಕೊಳ್ಳುವಿಕೆ, ತಪ್ಪು ತಿಳಿವಳಿಕೆ, ಎಲ್ಲವೂ ಪ್ರಹಸನದ ಸರಕು. ಆದರೆ ಕೊನೆಯಲ್ಲಿ ನಿರಪರಾಧಿಯೊಬ್ಬ ಗುಂಡೇಟಿಗೆ ಸಾಯುತ್ತಾನೆ. ಮನೆಯ ಯಜಮಾನ ಅದು ಅಪಘಾತವೆಂದು ನಯವಾದ ಮಾತುಗಳಲ್ಲಿ ಮುಚ್ಚಿಹಾಕುತ್ತಾನೆ. ಅತಿಥಿಗಳು ಒಳಕ್ಕೆ ಹೋಗುತ್ತಾರೆ. ಪ್ರಹಸನವೆಂದು ನಗಲು ಬಂದವರಿಗೆ ಸಾವು ಎದುರಾಯಿತು. ದುರಂತವೆಂದು ನೋಡಿದವರಿಗೆ ಅಷ್ಟು ಹೊತ್ತಿನ ನಗೆ ಅಸಹ್ಯವಾಯಿತು. ಚಿತ್ರಮಂದಿರದಲ್ಲಿ ಕೂಗಾಟವಾಯಿತು. ಪ್ರೇಕ್ಷಕನೊಬ್ಬ ಪತ್ರಿಕೆಗೆ ಬೆಂಕಿ ಹಚ್ಚಿ ಮಂದಿರವನ್ನೇ ಸುಡಲು ಹೊರಟಿದ್ದನೆಂದು ರೆನ್ವಾರ್ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಚಿತ್ರವನ್ನು ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡಿದರು, ಫಲ ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಯಿತು; ಅಕ್ಟೋಬರಿನಲ್ಲಿ, ಜನರ ಸ್ಥೈರ್ಯಕ್ಕೆ ಕುಂದು ತರುವ ಚಿತ್ರವೆಂದು ಸರ್ಕಾರವೇ ಅದನ್ನು ನಿಷೇಧಿಸಿತು. ಯುದ್ಧಕಾಲದ ಬಾಂಬುದಾಳಿಯಲ್ಲಿ ಮೂಲ ನೆಗೆಟಿವ್ ಕೂಡ ನಾಶವಾಯಿತು.

ಆದರೂ ಈ ವ್ಯಾಜ್ಯಕ್ಕೆ ಮರುವಿಚಾರಣೆ ದೊರೆಯಿತು. ಚಲಚ್ಚಿತ್ರಾಭಿಮಾನಿಗಳಾದ ಇಬ್ಬರು ಫ್ರೆಂಚರು ಅಲ್ಲಲ್ಲಿ ಉಳಿದಿದ್ದ ತುಣುಕುಗಳನ್ನೆಲ್ಲ ಕೂಡಿಹಾಕಿ, ರೆನ್ವಾರ್ ಅವರ ಒಪ್ಪಿಗೆ ಪಡೆದು, ೧೯೫೯ರ ವೇಳೆಗೆ ೧೦೬ ನಿಮಿಷಗಳ ಚಿತ್ರವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಇಂಗ್ಲೆಂಡಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಗಳಿಗೊಮ್ಮೆ ಜಗತ್ತಿನ ವಿಮರ್ಶಕರ ಮತ ಕೇಳಿ ಅತ್ಯುತ್ತಮ ಚಿತ್ರಗಳ ಪಟ್ಟಿ ಪ್ರಕಟಿಸುತ್ತದೆ. ೧೯೫೨ರ ಪಟ್ಟಿಯಲ್ಲಿ ಹತ್ತನೆಯದಾಗಿದ್ದ ಈ ಚಿತ್ರ ೧೯೬೨ರಲ್ಲಿ ಮೂರನೆಯದಾಯಿತು, ೧೯೭೨ರಲ್ಲಿ ಎರಡನೆಯದಾಯಿತು. ಯುದ್ಧಕ್ಕೆ ಎರಡು ತಿಂಗಳು ಮುಂಚೆ ಒಂದು ಸಮಾಜ ಹೇಗೆ ಕಣ್ಣುಮುಚ್ಚಿ ಕುಣಿಯುತ್ತಿತ್ತೆಂಬುದನ್ನು ತೋರಿಸಲು ನಗೆಯೂ ಬೇಕಾಗಿತ್ತು, ಸಾವೂ ಬೇಕಾಗಿತ್ತು ಎಂಬುದು ಆ ಸಮಾಜ ಕುಸಿದ ಮೇಲೆ ನೋಡಿದವರಿಗೆ ಅರ್ಥವಾಯಿತು.

ಇದೇ ರೆನ್ವಾರ್ ‘ದಿ ರಿವರ್’ ಎಂಬ ತಮ್ಮ ಚಿತ್ರದ ಸಿದ್ಧತೆಗಾಗಿ ೧೯೪೯ರಲ್ಲಿ ಕಲ್ಕತ್ತೆಗೆ ಬಂದರು. ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರನಾಗಿದ್ದ ತರುಣನೊಬ್ಬ ಅವರ ಜೊತೆಯಲ್ಲಿ ಊರ ಹೊರಗಿನ ಸ್ಥಳಗಳನ್ನು ಸುತ್ತಿದನು. ಆ ತರುಣರೇ ಸತ್ಯಜಿತ್ ರಾಯ್. ಅವರ ‘ಪಥೇರ್ ಪಾಂಚಾಲಿ’ ೧೯೫೫ರ ಆಗಸ್ಟ್ ೨೬ರಂದು ಕಲ್ಕತ್ತೆಯಲ್ಲಿ ಬಿಡುಗಡೆಯಾಯಿತು. ಮೊದಲ ಕೆಲವು ದಿನ ಜನ ಅಷ್ಟಾಗಿ ಬರಲಿಲ್ಲ. ಬಂದವರು ಹೋಗಿ ನೆರೆಹೊರೆಯವರಿಗೆ ಹೇಳಿದ ಮೇಲೆ ಮಂದಿರ ತುಂಬತೊಡಗಿತು. ಆ ವರ್ಷದ ರಾಷ್ಟ್ರಪತಿಗಳ ಸ್ವರ್ಣಪದಕವೂ, ೧೯೫೬ರಲ್ಲಿ ಕಾನ್ ಉತ್ಸವದ ಪ್ರಶಸ್ತಿಯೂ ಅದಕ್ಕೆ ದೊರೆತವು. ೧೯೫೮ರಲ್ಲಿ ಅದು ನ್ಯೂಯಾರ್ಕಿನ ಚಿತ್ರಮಂದಿರವನ್ನು ಸೇರಿದಾಗ ಅಲ್ಲಿಯ ಪ್ರಬಲ ವಿಮರ್ಶಕರಾಗಿದ್ದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಬಾಸ್ಲಿ ಕ್ರೌದರ್ ಗೊಣಗಿದರು. ಇಷ್ಟು ಸಡಿಲವಾದ, ಇಷ್ಟು ಮಂದಗತಿಯ ಚಿತ್ರವನ್ನು ಹಾಲಿವುಡ್ಡಿನ ಸಂಕಲನಕಾರರು ಇನ್ನೂ ಕತ್ತರಿಸಿ ಮುಗಿಸದ ಕಚ್ಚಾ ಪ್ರತಿಯೆಂದೇ ಎಣಿಸುವರು ಎಂಬುದು ಅವರ ಮಾತಿನ ತಾತ್ಪರ್ಯ. ಹಳ್ಳಿಯ ಬಡತನದ ದಿನಗಳು ಹೇಗೆ ಒಂದರ ಹಿಂದೆ ಒಂದಾಗಿ ತೆವಳುತ್ತವೆಯೋ ಹಾಗೆಯೇ ನಡೆಯುವ ಚಿತ್ರವನ್ನು, ತೊಂಬತ್ತು ನಿಮಿಷಗಳಲ್ಲಿ ಕಥೆ ಮುಗಿಸುವ ಕಾರ್ಖಾನೆಯ ಗಡಿಯಾರದಿಂದ ಅಳೆದುದು ಇಲ್ಲಿಯ ಕುಂದು. ನ್ಯೂಯಾರ್ಕಿನ ಪ್ರೇಕ್ಷಕರು ಮಾತ್ರ ತಿಂಗಳುಗಟ್ಟಲೆ ಆ ಚಿತ್ರಕ್ಕೆ ಬಂದರು.

ಇಷ್ಟಕ್ಕೇ ಕ್ರೌದರ್ ಅವರನ್ನು ಅಲ್ಪಮತಿಯೆಂದು ತಳ್ಳಿಬಿಡುವುದು ಸರಿಯಲ್ಲ. ೧೯೪೦ರಿಂದ ೧೯೬೭ರವರೆಗೆ ಆ ಪತ್ರಿಕೆಗೆ ಬರೆದ ಅವರು ಅನೇಕ ಸಲ ಧೈರ್ಯದಿಂದ ನಿಂತವರು. ೧೯೪೧ರಲ್ಲಿ ಆರ್ಸನ್ ವೆಲ್ಸ್ ಅವರ ‘ಸಿಟಿಜನ್ ಕೇನ್’ ಬಂದಾಗ, ತಮ್ಮ ಕಥೆಯನ್ನೇ ಹೋಲುತ್ತದೆಂದು ಕುಪಿತರಾದ ಪತ್ರಿಕಾಧನಿಕ ಹರ್ಸ್ಟ್ ಅವರ ಪತ್ರಿಕೆಗಳು ಅದರ ಸುದ್ದಿಯೇ ಎತ್ತದಿದ್ದ ಕಾಲದಲ್ಲಿ, ಕ್ರೌದರ್ ಅದನ್ನು ಹಾಡಿ ಹೊಗಳಿದರು. ಇಟಲಿಯಿಂದ ಬಂದ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ಅಮೆರಿಕದ ಜನ ಮೆಚ್ಚುವಂತೆ ಮಾಡಿದವರಲ್ಲಿ ಅವರೂ ಒಬ್ಬರು. ರೊಸೆಲ್ಲಿನಿಯವರ ‘ದಿ ಮಿರಕಲ್’ ಚಿತ್ರವನ್ನು ನ್ಯೂಯಾರ್ಕಿನಲ್ಲಿ ತಡೆಹಿಡಿದಾಗ ಅದರ ಪರವಾಗಿ ಮಾತನಾಡಿದರು. ಆ ಮೊಕದ್ದಮೆಯಲ್ಲಿಯೇ ೧೯೫೨ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಚಲಚ್ಚಿತ್ರಕ್ಕೂ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯುಂಟೆಂದು ಹೇಳಿತು. ನೊಂದವರ ಕಥೆಯನ್ನು ಮನುಷ್ಯತ್ವದಿಂದ ಹೇಳುವ ಚಿತ್ರ ಉತ್ತಮ ಎಂಬುದು ಅವರ ಅಳತೆಗೋಲು. ಅದು ಒಳ್ಳೆಯ ಅಳತೆಗೋಲೇ. ಆದರೆ ಎಲ್ಲಕ್ಕೂ ಅದೊಂದೇ ಆದಾಗ ತೊಂದರೆ ಬಂದಿತು.

೧೯೬೭ರ ಆಗಸ್ಟಿನಲ್ಲಿ ‘ಬಾನಿ ಅಂಡ್ ಕ್ಲೈಡ್’ ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಬ್ಯಾಂಕು ದರೋಡೆ ಮಾಡುವ ಇಬ್ಬರು ಯುವ ಪ್ರೇಮಿಗಳ ಕಥೆ. ಒಂದು ಕ್ಷಣ ನಗೆ ಬರಿಸಿ, ಮರುಕ್ಷಣ ರಕ್ತ ತೋರಿಸಿ, ನಕ್ಕದ್ದಕ್ಕೆ ನೋಡುವವನೇ ನಾಚುವಂತೆ ಮಾಡುವ ಚಿತ್ರ. ಕೊಲೆಗಡುಕರನ್ನು ವಿನೋದದ ಕುಣಿತದಂತೆ ತೋರಿಸಿದ್ದಾರೆಂದು ಕ್ರೌದರ್ ಕೆಂಡಕಾರಿದರು. ಓದುಗರು ಪ್ರತಿಭಟಿಸಿ ಕಾಗದ ಬರೆದಾಗ ಮತ್ತೆ ಬರೆದು ಮತ್ತೆ ಖಂಡಿಸಿದರು. ‘ನ್ಯೂಸ್‌ವೀಕ್’ ಪತ್ರಿಕೆಯ ಜೋಸೆಫ್ ಮಾರ್ಗನ್‌ಸ್ಟರ್ನ್ ಕೂಡ ಮೊದಲು ಚಿತ್ರವನ್ನು ತೆಗಳಿದವರೇ. ಆದರೆ ಅವರು ಮತ್ತೊಮ್ಮೆ ಸಾಮಾನ್ಯ ಪ್ರೇಕ್ಷಕರ ನಡುವೆ ಕುಳಿತು ನೋಡಿ, ತಮ್ಮ ಹಿಂದಿನ ಅಭಿಪ್ರಾಯ ಸರಿಯಲ್ಲವೆಂದು ಮುಂದಿನ ಸಂಚಿಕೆಯಲ್ಲಿಯೇ ಬಹಿರಂಗವಾಗಿ ಬರೆದರು. ಅಕ್ಟೋಬರಿನಲ್ಲಿ ಪಾಲೀನ್ ಕೇಲ್ ಎಂಬ ವಿಮರ್ಶಕಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದು, ಪ್ರೇಕ್ಷಕನ ನಗೆಯನ್ನು ಅವನ ಗಂಟಲಲ್ಲೇ ತಡೆಯುವುದು ಈ ಚಿತ್ರದ ಕುಂದಲ್ಲ, ಅದರ ಉದ್ದೇಶವೇ ಅದು ಎಂದು ವಿವರಿಸಿದರು. ವರ್ಷದ ಕೊನೆಗೆ ಕ್ರೌದರ್ ವಿಮರ್ಶಕ ಸ್ಥಾನದಿಂದ ಇಳಿದರು. ಅವರ ಆತಂಕ ಸುಳ್ಳೆನ್ನಲಾಗದು. ತೆರೆಯ ಮೇಲಿನ ಹಿಂಸೆ ಮನಸ್ಸನ್ನು ಮರಗಟ್ಟಿಸುವುದೇ ಎಂಬ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಆದರೆ ಚಿತ್ರ ಕೇಳುತ್ತಿದ್ದುದೂ ಅದೇ ಪ್ರಶ್ನೆಯನ್ನೇ ಎಂಬುದು ಅವರಿಗೆ ಕಾಣಲಿಲ್ಲ.

ಭಯಾನಕ ಚಿತ್ರಗಳಿಗೆ ಇದಕ್ಕಿಂತಲೂ ಕಠಿಣವಾದ ಅದೃಷ್ಟ. ೧೯೬೦ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಮೈಕೆಲ್ ಪವೆಲ್ ಅವರ ‘ಪೀಪಿಂಗ್ ಟಾಮ್’ ಬಿಡುಗಡೆಯಾಯಿತು. ಪವೆಲ್ ಅವರು ಎಮೆರಿಕ್ ಪ್ರೆಸ್‌ಬರ್ಗರ್ ಅವರೊಡನೆ ಸೇರಿ ‘ದಿ ರೆಡ್ ಶೂಸ್’ ಮೊದಲಾದ ಸುಂದರ ಚಿತ್ರಗಳನ್ನು ಮಾಡಿ ಗೌರವ ಗಳಿಸಿದ್ದವರು. ಹೊಸ ಚಿತ್ರದ ನಾಯಕ ತಾನು ಕೊಲ್ಲುವ ಹೆಂಗಸರ ಭಯವನ್ನು ಕ್ಯಾಮರಾದಲ್ಲಿ ಹಿಡಿಯುವ ಮನೋರೋಗಿ. ಲಂಡನ್ನಿನ ವಿಮರ್ಶಕರು ಬಹುತೇಕ ಒಂದೇ ದನಿಯಲ್ಲಿ ಛೀಮಾರಿ ಹಾಕಿದರು. ವಿತರಕರು ಬೇಗನೆ ಚಿತ್ರವನ್ನು ಹಿಂದಕ್ಕೆ ತೆಗೆದುಕೊಂಡರು. ಇಂಗ್ಲೆಂಡಿನಲ್ಲಿ ಪವೆಲ್ ಅವರಿಗೆ ಮತ್ತೆ ಹಿಂದಿನ ಸ್ಥಾನ ಸಿಗಲಿಲ್ಲ. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸೆ ಮುಂತಾದವರು ಚಿತ್ರವನ್ನು ಮತ್ತೆ ಬೆಳಕಿಗೆ ತಂದು ಅದರ ಯೋಗ್ಯತೆಯನ್ನು ಸಾರಿದ್ದು ೧೯೭೦ರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ಪವೆಲ್ ಅವರಿಗೆ ಎಪ್ಪತ್ತು ದಾಟಿತ್ತು.

ಅದೇ ವರ್ಷದ ‘ಸೈಕೋ’ ಚಿತ್ರದ ಕಥೆ ಬೇರೆಯಾದುದಕ್ಕೆ ಕಾರಣವುಂಟು. ಆಲ್‌ಫ್ರೆಡ್ ಹಿಚ್‌ಕಾಕ್ ಅವರು ಪತ್ರಿಕೆಯವರಿಗೆ ಮುಂಚಿತವಾಗಿ ಚಿತ್ರವನ್ನು ತೋರಿಸಲೇ ಇಲ್ಲ. ಆರಂಭವಾದ ಮೇಲೆ ಯಾರನ್ನೂ ಒಳಕ್ಕೆ ಬಿಡಬಾರದೆಂದು ಕಟ್ಟುಮಾಡಿದರು. ವಿಮರ್ಶಕರೂ ಜನರ ಸಾಲಿನಲ್ಲಿಯೇ ನಿಲ್ಲಬೇಕಾಯಿತು. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಗೆ ೧೯೨೮ರಿಂದಲೂ ಬರೆಯುತ್ತಿದ್ದ ಸಿ. ಎ. ಲೆಜೂನ್ ಎಂಬ ಹಿರಿಯ ವಿಮರ್ಶಕಿ ಚಿತ್ರ ಮುಗಿಯುವ ಮುನ್ನವೇ ಎದ್ದುಹೋದರು. ಆ ವರ್ಷವೇ ಹುದ್ದೆಯನ್ನೂ ಬಿಟ್ಟರು. ಕ್ರೌದರ್ ಅವರು ಮೊದಲು ಹಗುರವಾಗಿ ಮಾತನಾಡಿ, ವರ್ಷಾಂತ್ಯದಲ್ಲಿ ಅದನ್ನೇ ಆ ವರ್ಷದ ಹತ್ತು ಉತ್ತಮ ಚಿತ್ರಗಳಲ್ಲಿ ಸೇರಿಸಿದರು. ಇದನ್ನು ಚಂಚಲತೆಯೆಂದು ನಗಬಾರದು. ಆರು ತಿಂಗಳು ಮನಸ್ಸಿನಲ್ಲಿ ಉಳಿದ ಚಿತ್ರ ಮೊದಲ ದಿನ ಕಂಡುದಕ್ಕಿಂತ ದೊಡ್ಡದಾಗಿ ತೋರಿದ್ದರೆ ಅದನ್ನು ಹೇಳುವುದೇ ವಿಮರ್ಶಕನ ಧರ್ಮ. ‘ಸೈಕೋ’ವನ್ನು ನಿಜವಾಗಿ ಕಾಪಾಡಿದವರು ಮಾತ್ರ ಮಂದಿರದ ಮುಂದೆ ಸಾಲುಗಟ್ಟಿ ನಿಂತ ಜನ. ಪವೆಲ್ ಅವರ ಚಿತ್ರಕ್ಕೆ ಆ ಜನ ಬಂದು ಸೇರುವಷ್ಟು ಕಾಲಾವಕಾಶವೇ ದೊರೆಯಲಿಲ್ಲ.

ಇದಕ್ಕೆ ಒಂದು ವರ್ಷ ಮುಂಚೆ, ನಮ್ಮ ದೇಶದಲ್ಲಿಯೂ ಇಂಥದೇ ಒಂದು ನೋವಿನ ಪ್ರಸಂಗ ನಡೆದಿತ್ತು. ೧೯೨೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು ಹಿಂದಿ ಚಿತ್ರರಂಗದಲ್ಲಿ ಮೊದಲು ಪತ್ತೇದಾರಿ ಕಥೆಗಳಿಂದಲೂ ಹಾಸ್ಯದಿಂದಲೂ ಜನಪ್ರಿಯರಾದವರು. ೧೯೫೭ರ ‘ಪ್ಯಾಸಾ’ದಿಂದ ಗಂಭೀರ ನಿರ್ದೇಶಕರೆಂದು ಹೆಸರು ಪಡೆದವರು. ೧೯೫೯ರಲ್ಲಿ ಅವರ ‘ಕಾಗಜ್ ಕೇ ಫೂಲ್’ ಬಂದಿತು. ಇದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಛಾಯಾಗ್ರಹಣ ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರದು. ಒಂದು ಕಾಲಕ್ಕೆ ಮೆರೆದ ಚಿತ್ರನಿರ್ದೇಶಕನೊಬ್ಬ ಒಂದು ಚಿತ್ರ ಸೋತ ಕೂಡಲೇ ಎಲ್ಲರಿಂದಲೂ ದೂರನಾಗಿ, ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿಯ ಮೇಲೆ ಸಾಯುವುದೇ ಅದರ ಕಥೆ. ಪ್ರಣಯಕಥೆಯೆಂದು ಬಂದವರಿಗೆ ಅದು ಬರಿಯ ಗೋಳಾಗಿ ಕಂಡಿತು. ಅಗಲ ತೆರೆಯ ವೈಭವವನ್ನು ನೋಡಲು ಬಂದವರು, ಅಷ್ಟು ದೊಡ್ಡ ತೆರೆಯನ್ನು ಒಬ್ಬ ಒಂಟಿ ಮನುಷ್ಯನಿಂದಲೂ ಕತ್ತಲೆಯಿಂದಲೂ ತುಂಬಿದ್ದನ್ನು ಕಂಡು ಬೇಸರಗೊಂಡರು. ಚಿತ್ರ ಬಿದ್ದುಹೋಯಿತು. ಮೂರ್ತಿಯವರ ಬೆಳಕು ನೆರಳಿಗೆ ಫಿಲಂಫೇರ್ ಪ್ರಶಸ್ತಿ ದೊರೆತುದೊಂದೇ ಸಮಾಧಾನ.

ಆಮೇಲೆ ಗುರುದತ್ತರು ಇತರರು ನಿರ್ದೇಶಿಸಿದ ಚಿತ್ರಗಳನ್ನು ನಿರ್ಮಿಸಿದರು, ಅಭಿನಯಿಸಿದರು. ಆದರೆ ನಿರ್ದೇಶಕರೆಂದು ತಮ್ಮ ಹೆಸರನ್ನು ಮತ್ತೆ ಹಾಕಿಕೊಳ್ಳಲೇ ಇಲ್ಲ. ೧೯೬೪ರ ಅಕ್ಟೋಬರ್‌ನಲ್ಲಿ, ನಲವತ್ತೂ ತುಂಬದ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮರಣಕ್ಕೆ ಒಂದು ಚಿತ್ರದ ಸೋಲೇ ಕಾರಣವೆನ್ನುವುದು ಅವಸರದ ಮಾತಾದೀತು. ಆದರೆ ಮುಂದಿನ ಚಿತ್ರಗಳು ನಮಗೆ ತಪ್ಪಿದುದಂತೂ ದಿಟ. ವಿಚಿತ್ರವೆಂದರೆ, ಮಂದಿರಗಳು ಕೈಬಿಟ್ಟ ಆ ಚಿತ್ರವನ್ನು ಬಾನುಲಿ ಕೈಬಿಡಲಿಲ್ಲ. ಸಚಿನ್ ದೇವ್ ಬರ್ಮನ್ನರ ಸಂಗೀತದಲ್ಲಿ ಗೀತಾ ದತ್ತರು ಹಾಡಿದ ಹಾಡು ವರ್ಷ ವರ್ಷವೂ ಮನೆಮನೆಗಳಲ್ಲಿ ಕೇಳಿಬರುತ್ತಲೇ ಇತ್ತು. ದಶಕಗಳ ತರುವಾಯ ಹೊಸ ತಲೆಮಾರಿನವರು ಚಿತ್ರವನ್ನು ಹುಡುಕಿಕೊಂಡು ಹೋದರು. ನಮ್ಮ ದೇಶದ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಅದನ್ನು ಕೂಡಿಸಿದರು. ಮೂರ್ತಿಯವರು ೨೦೦೮ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದು, ಆ ಗೌರವಕ್ಕೆ ಪ್ರಾಪ್ತರಾದ ಮೊದಲ ಛಾಯಾಗ್ರಾಹಕರೆನಿಸಿದರು. ಆ ದಿನವನ್ನು ಕಾಣಲು ಗುರುದತ್ತರು ಇರಲಿಲ್ಲ.

ಗಂಭೀರ ಚಿತ್ರಗಳಿಗೆ ಮಾತ್ರ ಹೀಗಾಗುವುದೆಂದು ತಿಳಿಯಬಾರದು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ ೧೯೭೫ರ ಆಗಸ್ಟ್ ೧೫ರಂದು ಬಿಡುಗಡೆಯಾದಾಗ ವಿಮರ್ಶಕರಲ್ಲಿ ಹಲವರು ಅದನ್ನು ವಿದೇಶದ ಕುದುರೆಸವಾರರ ಕಥೆಗಳ ನಕಲೆಂದು ಬದಿಗೊತ್ತಿದರು. ಮೊದಲ ದಿನಗಳಲ್ಲಿ ವ್ಯಾಪಾರದ ಮಂದಿಯೂ ಕೈಚೆಲ್ಲಿದರು. ಸಾಯುವ ನಾಯಕನನ್ನು ಬದುಕಿಸಿ ಕೊನೆಯನ್ನು ಬದಲಿಸಬೇಕೆಂಬ ಯೋಚನೆಯೂ ನಿರ್ಮಾಪಕರಿಗೆ ಬಂದಿತ್ತು. ಅಷ್ಟರಲ್ಲಿ ಜನರ ಬಾಯಿಂದ ಬಾಯಿಗೆ ಅದರ ಮಾತುಗಳು ಹರಡಿದವು. ಸಂಭಾಷಣೆಯ ಗ್ರಾಮಾಫೋನ್ ತಟ್ಟೆಗಳು ಹಾಡಿನ ತಟ್ಟೆಗಳಂತೆ ಮಾರಾಟವಾದವು. ಮುಂಬಯಿಯ ಮಿನರ್ವಾ ಮಂದಿರದಲ್ಲಿ ಚಿತ್ರ ಐದು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ಆ ವರ್ಷದ ಫಿಲಂಫೇರ್ ಪ್ರಶಸ್ತಿಗಳಲ್ಲಿ ಅದಕ್ಕೆ ಸಿಕ್ಕಿದ್ದು ಸಂಕಲನಕ್ಕೆ ಒಂದೇ ಒಂದು. ಪರದೇಶದ ಸಾಹಸಚಿತ್ರದ ಅಳತೆಯಿಂದ ನೋಡಿದವರಿಗೆ ನಕಲು ಕಂಡಿತು. ನಮ್ಮ ಕಂಪನಿ ನಾಟಕದಂತೆ ಹಾಸ್ಯ, ಕರುಣ, ರೌದ್ರಗಳನ್ನು ಒಂದೇ ರಾತ್ರಿಗೆ ಉಣಬಡಿಸುವ ಆಟವೆಂದು ನೋಡಿದ ಜನಕ್ಕೆ ಹೊಟ್ಟೆ ತುಂಬಿತು.

ಕನ್ನಡದಲ್ಲಿ ಅಳತೆಯ ಈ ಗೊಂದಲ ಹೆಚ್ಚಾಗಿ ಕಾದಂಬರಿಗಳ ಸುತ್ತ ನಡೆದಿದೆ. ಪುಟ್ಟಣ್ಣ ಕಣಗಾಲರು ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ೧೯೭೨ರಲ್ಲಿ ‘ನಾಗರಹಾವು’ ಚಿತ್ರವನ್ನು ತೆಗೆದರು. ಜನ ಅದನ್ನು ತಲೆಯ ಮೇಲೆ ಹೊತ್ತರು. ಆದರೆ ಕಾದಂಬರಿಕಾರರಿಗೆ ಸಮಾಧಾನವಾಗಲಿಲ್ಲ; ತಮ್ಮ ನಾಗರಹಾವು ಕೇರೆಹಾವಾಯಿತೆಂಬ ಅವರ ಮಾತು ಇಂದಿಗೂ ಪ್ರಸಿದ್ಧ. ಇಲ್ಲಿ ಯಾರು ಸರಿ? ಪುಸ್ತಕದ ರಾಮಾಚಾರಿಯನ್ನು ಹುಡುಕಿಕೊಂಡು ಹೋದವರಿಗೆ ಬರೆದವರ ದೂರು ನ್ಯಾಯವಾದುದೇ. ಪುಸ್ತಕವನ್ನೇ ಓದದೆ ಚಿತ್ರದುರ್ಗದ ಕೋಟೆಯ ನಡುವೆ ಹೊಸ ನಟ ವಿಷ್ಣುವರ್ಧನರ ಕಣ್ಣಿನ ಕಿಡಿಯನ್ನು ಕಂಡವರ ಸಂತೋಷವೂ ಸುಳ್ಳಲ್ಲ. ಒಂದು ತೀರ್ಪು ಕಾದಂಬರಿಯ ಮೇಲೆ, ಇನ್ನೊಂದು ಚಿತ್ರದ ಮೇಲೆ. ಎರಡೂ ಒಟ್ಟಿಗೆ ನಿಲ್ಲಬಲ್ಲವು. ಅದಕ್ಕೆ ಎರಡು ವರ್ಷ ಹಿಂದೆ, ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ತೆಗೆದ ‘ಸಂಸ್ಕಾರ’ವನ್ನು ಸೆನ್ಸಾರ್ ಮಂಡಳಿಯೇ ಮೊದಲು ತಡೆಹಿಡಿದಿತ್ತು. ಒಂದು ಸಮುದಾಯದ ಆತ್ಮಪರೀಕ್ಷೆಯನ್ನು ಆ ಸಮುದಾಯದ ನಿಂದೆಯೆಂದು ಎಣಿಸಿದುದೇ ಅದಕ್ಕೆ ಕಾರಣ. ತಡೆ ತೆರವಾದ ಮೇಲೆ ೧೯೭೦ರ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಅದಕ್ಕೆ ಬಂದಿತು; ಕನ್ನಡಕ್ಕೆ ಆ ಪದಕ ಬಂದುದು ಅದೇ ಮೊದಲು.

ಹಾಗೆಂದು, ಮೊದಲು ಸೋತ ಚಿತ್ರವೆಲ್ಲ ಶ್ರೇಷ್ಠವೆಂದೂ, ಕಾಲವೇ ಕೊನೆಯ ನ್ಯಾಯಾಧೀಶನೆಂದೂ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಕಾಲದ ತೀರ್ಪೂ ಬದಲಾಗುತ್ತದೆ. ಮೇಲೆ ಹೇಳಿದ ‘ಸೈಟ್ ಅಂಡ್ ಸೌಂಡ್’ ಪಟ್ಟಿಯಲ್ಲಿ ೧೯೫೨ರಲ್ಲಿ ‘ಬೈಸಿಕಲ್ ಥೀವ್ಸ್’ ಮೊದಲನೆಯದಾಗಿತ್ತು. ಹತ್ತು ವರ್ಷಗಳಲ್ಲಿ ಅದು ಕೆಳಗಿಳಿದು, ೧೯೫೨ರಲ್ಲಿ ಮೊದಲ ಹತ್ತರಲ್ಲೂ ಇರದಿದ್ದ ‘ಸಿಟಿಜನ್ ಕೇನ್’ ಮೇಲೇರಿತು. ೨೦೦೨ರವರೆಗೂ ಅಲ್ಲಿಯೇ ಇತ್ತು. ೨೦೧೨ರಲ್ಲಿ ಹಿಚ್‌ಕಾಕರ ‘ವರ್ಟಿಗೋ’ ಅದನ್ನು ಇಳಿಸಿತು. ೧೯೫೮ರಲ್ಲಿ ಬಂದಾಗ ಆ ಚಿತ್ರಕ್ಕೂ ಅರೆಮನಸ್ಸಿನ ಸ್ವಾಗತವೇ ದೊರೆತಿತ್ತು. ೨೦೨೨ರಲ್ಲಿ ಆ ಸ್ಥಾನ ಬೆಲ್ಜಿಯಮ್ಮಿನ ಶಾಂತಾಲ್ ಆಕರ್ಮನ್ ಎಂಬ ಮಹಿಳೆ ೧೯೭೫ರಲ್ಲಿ ತೆಗೆದ ‘ಝಾನ್ ಡೀಲ್‌ಮನ್’ ಚಿತ್ರಕ್ಕೆ ಹೋಯಿತು. ಗೃಹಿಣಿಯೊಬ್ಬಳು ಆಲೂಗೆಡ್ಡೆ ಸುಲಿಯುವುದನ್ನೂ ಹಾಸಿಗೆ ಸರಿಪಡಿಸುವುದನ್ನೂ ಮೂರು ಗಂಟೆಗೂ ಹೆಚ್ಚು ಕಾಲ ತೋರಿಸುವ ಚಿತ್ರ ಅದು.

ಮರುವಿಚಾರಣೆಗೆ ಬೇಕಾದುದು ಕಾಲ ಮಾತ್ರವಲ್ಲ, ಚಿತ್ರವೂ ಉಳಿದಿರಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ವೈ. ವಿ. ರಾಯರು ನಿರ್ದೇಶಿಸಿದ ಚಿತ್ರ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಬರವಣಿಗೆ. ಸುಬ್ಬಯ್ಯನಾಯ್ಡುಗಳು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಅವರು ಸುಲೋಚನೆ. ನಾಟಕರಂಗದ ಅತಿರಥರು ಮೊದಲ ಸಲ ಧ್ವನಿಗ್ರಾಹಕದ ಮುಂದೆ ನಿಂತಾಗ ಅವರ ಕಂಠ ಹೇಗಿತ್ತು, ಅಭಿನಯ ಹೇಗಿತ್ತು ಎಂದು ಇಂದು ಕೇಳಿದರೆ ಉತ್ತರಿಸುವ ದಾರಿಯಿಲ್ಲ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ೧೯೬೪ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪನೆಯಾಗಿ, ಪಿ. ಕೆ. ನಾಯರ್ ಅವರು ಊರೂರು ಅಲೆದು ಹಳೆಯ ಚಿತ್ರಗಳನ್ನು ಕೂಡಿಡತೊಡಗುವ ವೇಳೆಗೆ ನಮ್ಮ ಮೊದಲ ಕಾಲದ ಎಷ್ಟೋ ಚಿತ್ರಗಳು ಹಾಳಾಗಿಹೋಗಿದ್ದವು. ‘ಆಟದ ನಿಯಮ’ಕ್ಕೆ ಒದಗಿದ ಅದೃಷ್ಟ ಅವಕ್ಕೆ ಒದಗಲಿಲ್ಲ. ಅವುಗಳ ಪಾಲಿಗೆ ನೋಡಿದವರ ಮಾತೇ ಉಳಿದ ಆಸ್ತಿ.

ಇಲ್ಲಿ ಗೋರ್ಕಿಯವರ ಲೇಖನ ಮತ್ತೆ ನೆನಪಾಗುತ್ತದೆ. ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅವರು ಹೇಳಿದ್ದರೆ ಅದನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಅಲ್ಲಿ ಏನಿತ್ತು ಎಂಬುದನ್ನು ಹೇಳಿದರು. ಅದಕ್ಕಾಗಿ ಅವರನ್ನು ಓದುತ್ತೇವೆ. ಪತ್ರಿಕೆಯ ವಿಮರ್ಶಕನಿಗೆ ಹೇಗೋ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡುವ ನಮಗೂ ಈ ದಾರಿ ತೆರೆದಿದೆ. ಚಿತ್ರ ನೋಡಿ ಬಂದ ಮಗನೋ ಮಗಳೋ ‘ಚೆನ್ನಾಗಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಸುಮ್ಮನಾಗಬೇಡಿ. ಅದು ಏನನ್ನು ಮಾಡಹೊರಟಿತ್ತು, ನೀವು ಏನನ್ನು ನಿರೀಕ್ಷಿಸಿ ಹೋಗಿದ್ದಿರಿ, ಯಾವ ಜಾಗದಲ್ಲಿ ಜನ ನಕ್ಕರು, ಯಾವ ಜಾಗದಲ್ಲಿ ಎದ್ದು ಹೋದರು ಎಂದು ಕೇಳಿ. ಉತ್ತರ ಹೇಳುತ್ತ ಹೇಳುತ್ತ ಅವರ ಅಭಿಪ್ರಾಯ ಬದಲಾದರೂ ಆಗಬಹುದು, ಗಟ್ಟಿಯಾದರೂ ಆಗಬಹುದು. ಎರಡರಲ್ಲಿ ಯಾವುದಾದರೂ, ಕೇಳಿದ ನಿಮಗೆ ಆ ಚಿತ್ರದ ವಿಷಯ ಏನಾದರೂ ತಿಳಿದಿರುತ್ತದೆ.